ಕ್ಲಚ್ಚಿನ ಕಾಲು, ಕೆಂಪು ಎಣ್ಣೆ

ಇಂದಾಪುರ ಇರುವುದು ಪುಣೆ–ಸೊಲ್ಲಾಪುರ ಹೆದ್ದಾರಿಯ ಮೇಲೆ. ಇದೇ ರಸ್ತೆ ಮುಂದೆ ಹುಮನಾಬಾದ್ ದಾಟಿ ಹೈದರಾಬಾದಿಗೆ ಹೋಗುವುದರಿಂದ ಇಲ್ಲಿ ಮರಾಠಿಯ ನಡುವೆ ಬೀದರ್ ಕಡೆಯ ಕನ್ನಡವೂ ಆಗಾಗ ಕಿವಿಗೆ ಬೀಳುತ್ತದೆ. ಎರಡೂ ಭಾಷೆಗಳಲ್ಲಿ ‘ಪಿಕಪ್’ ಎಂದರೆ ದಾಳಿಂಬೆ ಹೊರುವ ಗಾಡಿ. ‘ಪಿಕಪ್ ಇಲ್ಲ’ ಎಂದರೆ ಗಾಡಿ ಎಳೆಯುತ್ತಿಲ್ಲ. ಹಳೆಯ ಆಟೋಮ್ಯಾಟಿಕ್ ಪಿಕಪ್ ಕೊಂಡವರಿಗೆ ಈ ಎರಡನೆಯ ಅರ್ಥ ದುಬಾರಿ. ಎಳೆಯದಿರುವುದು ಎಂಜಿನ್ನೋ ಗೇರ್‌ಬಾಕ್ಸೋ ಎಂಬುದನ್ನು ಆ ಮಾತು ಹೇಳುವುದಿಲ್ಲ.

ಇನ್ನೂ ದಾರಿ ತಪ್ಪಿಸುವ ಪದ ‘ಗೇರ್ ಆಯಿಲ್’. ನಮ್ಮ ಮೆಕ್ಯಾನಿಕ್‌ಗಳ ಕೈ ಪಳಗಿದ್ದು ಕ್ಲಚ್ಚಿನ ಗಾಡಿಗಳಲ್ಲಿ. ಅಲ್ಲಿ ಗೇರ್ ಆಯಿಲ್ ಹಲ್ಲುಗಳು ಸವೆಯದಂತೆ ಕಾಯುವ ಮಂದ ಎಣ್ಣೆ, ಅಷ್ಟೆ. ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ತುಳಿಯುವ ಕಾಲಿನ ಕೆಲಸವನ್ನು ಎಣ್ಣೆಯೇ ಮಾಡುತ್ತದೆ.

ಈ ಉಪಾಯ ಹುಟ್ಟಿದ್ದು ಹಡಗಿಗಾಗಿ. ವೇಗವಾಗಿ ಸುತ್ತುವ ಉಗಿ ಟರ್ಬೈನನ್ನು ನಿಧಾನವಾಗಿ ಸುತ್ತಬೇಕಾದ ಪ್ರೊಪೆಲ್ಲರಿಗೆ ದ್ರವದ ಮೂಲಕ ಜೋಡಿಸಬಹುದೆಂದು ಜರ್ಮನಿಯ ಹರ್ಮನ್ ಫೊಟ್ಟಿಂಗರ್ 1905ರಲ್ಲಿ ಪೇಟೆಂಟ್ ಪಡೆದ. ಜನರಲ್ ಮೋಟರ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿಗೆ ‘ಹೈಡ್ರಾಮ್ಯಾಟಿಕ್’ ಕೂರಿಸಿತು. ಯುದ್ಧದಲ್ಲಿ ಅದೇ ಗೇರ್‌ಬಾಕ್ಸ್ ಎಂ5 ಸ್ಟುವರ್ಟ್ ಟ್ಯಾಂಕುಗಳೊಳಗೆ ದುಡಿಯಿತು. 1954ರ ಹೊತ್ತಿಗೆ ಷೆವ್ರೊಲೆ ಪಿಕಪ್ಪಿಗೂ ಬಂತು.

ಎಂಜಿನ್ ಆಯಿಲಿನಿಂದ ಬೇರೆಯಾಗಿ ಕಾಣಲಿ, ಸೋರಿದರೆ ಗೊತ್ತಾಗಲಿ ಎಂದು ಈ ಎಣ್ಣೆಗೆ ಕೆಂಪು ಬಣ್ಣ ಹಾಕಿದರು. ಅದರೊಳಗೆ ಕ್ಲಚ್ ಪ್ಲೇಟುಗಳು ಮೃದುವಾಗಿ ಹಿಡಿಯಲೆಂದು ಸ್ಪರ್ಮ್ ತಿಮಿಂಗಿಲದ ಎಣ್ಣೆ ಸೇರಿಸುತ್ತಿದ್ದರು! 1970ರ ದಶಕದಲ್ಲಿ ಅಮೆರಿಕ ತಿಮಿಂಗಿಲಗಳಿಗೆ ರಕ್ಷಣೆ ಕೊಟ್ಟಾಗ ಬದಲಿಗೆ ಬಂದ ಮಿಶ್ರಣ ಕೂಲರಿನ ಬೆಸುಗೆಯನ್ನೇ ತಿನ್ನತೊಡಗಿತು. ಸೂತ್ರವನ್ನು ಮತ್ತೆ ತಿದ್ದಬೇಕಾಯಿತು. ಎಣ್ಣೆ ಬದಲಾದರೆ ಯಂತ್ರದ ನಡತೆಯೇ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಾಗಾಗಿ ಡಿ ಹಾಕಿದ ಮೇಲೆ ಗಾಡಿ ತಡವಾಗಿ ಹೊರಟರೆ, ಲೋಡಿನಲ್ಲಿ ಎಂಜಿನ್ ಮಾತ್ರ ಕೂಗಿ ವೇಗ ಏರದಿದ್ದರೆ, ‘ಬಾಕ್ಸ್ ಇಳಿಸಬೇಕು’ ಎನ್ನುವ ಮೊದಲು ಎಣ್ಣೆ ನೋಡಬೇಕು. ಹಳೆಯ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಸಮತಟ್ಟಾದ ಜಾಗ, ಬಿಸಿಯಾದ ಎಂಜಿನ್, ಅದೂ ಓಡುತ್ತಿರುವಾಗಲೇ ಕಡ್ಡಿ ಎಳೆಯಬೇಕು. ಮಟ್ಟ ಇಳಿದಿದ್ದರೆ ಪಂಪು ಗಾಳಿ ಹೀರುತ್ತದೆ, ಒತ್ತಡ ಬೀಳುತ್ತದೆ, ಪ್ಲೇಟು ಜಾರುತ್ತದೆ. ಸೋರಿಕೆ ಹುಡುಕಿ ತುಂಬಿಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯಿತು. ಎಣ್ಣೆ ಕಂದಾಗಿ ಸುಟ್ಟ ವಾಸನೆ ಬಂದರೆ ಪ್ಲೇಟು ಸುಟ್ಟಿವೆ. ಗುಲಾಬಿ ಹಾಲಿನಂತಿದ್ದರೆ ರೇಡಿಯೇಟರಿನ ನೀರು ಬೆರೆತಿದೆ; ಆ ಗಾಡಿಯನ್ನು ಓಡಿಸಲೇಬಾರದು.

‘ಪಿಕಪ್ ಇಲ್ಲ’ ಎಂಬ ದೂರನ್ನು ಬಿಡಿಸಲು ಸ್ಟಾಲ್ ಪರೀಕ್ಷೆಯಿದೆ. ಎದುರಿಗೆ ಯಾರೂ ಇರಬಾರದು. ಬ್ರೇಕ್ ಗಟ್ಟಿ ಒತ್ತಿ, ಡಿ ಹಾಕಿ, ಆಕ್ಸಿಲರೇಟರ್ ಪೂರ್ತಿ ತುಳಿದು ಆರ್‌ಪಿಎಂ ನೋಡುವುದು, ಐದು ಸೆಕೆಂಡು ಮೀರದಂತೆ. ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ಏರಿದರೆ ಒಳಗೆ ಜಾರುತ್ತಿದೆ. ಕಡಿಮೆಯಿದ್ದರೆ ಎಂಜಿನ್ ಸೊರಗಿದೆ, ಇಲ್ಲವೇ ಟಾರ್ಕ್ ಕನ್ವರ್ಟರ್ ಕೆಟ್ಟಿದೆ. ಎಣ್ಣೆ ಸುಟ್ಟಿದ್ದರೆ ಈ ಪರೀಕ್ಷೆಗೇ ಕೈ ಹಾಕಬಾರದು, ಉಳಿದದ್ದೂ ಹೋಗುತ್ತದೆ.

2019ರಲ್ಲಿ ಇಸುಜು ವಿ-ಕ್ರಾಸ್ ಆರು ಗೇರಿನ ಆಟೋಮ್ಯಾಟಿಕ್ ಆಗಿ ನಮ್ಮಲ್ಲಿ ಬಂತು, 2022ರಲ್ಲಿ ಟೊಯೊಟಾ ಹೈಲಕ್ಸ್. ಅಂಥ ಗಾಡಿಗಳು ಈಗ ಸೆಕೆಂಡ್‌ಹ್ಯಾಂಡ್ ಆಗುವ ವಯಸ್ಸು. ಹೊಸ ಕಾಲದ ಬಾಕ್ಸುಗಳಲ್ಲಿ ಎಷ್ಟಕ್ಕೋ ಅಳತೆ ಕಡ್ಡಿಯೇ ಇಲ್ಲ. ಗಾಡಿ ಎತ್ತಿ, ಎಣ್ಣೆಯ ಬಿಸಿ ಅಳೆದು, ಪಕ್ಕದ ಬೋಲ್ಟ್ ಬಿಚ್ಚಿ ಮಟ್ಟ ನೋಡಬೇಕು.