ಕರುಳಿನ ಕೋಶವನ್ನು ಕೊಲ್ಲದೆಯೇ ದೇಹದ ನೀರು ಹೊರಹಾಕುವ ಕಾಲರಾ ವಿಷ. ಒಆರ್‌ಎಸ್ ಜೀವ ಉಳಿಸುವುದು ಹೇಗೆ?

ಹೈದರಾಬಾದ್: 2009ರ ಮೇ ತಿಂಗಳಲ್ಲಿ ಹೈದರಾಬಾದ್‌ನ ಭೋಲಕ್‌ಪುರದಲ್ಲಿ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ನೂರಾರು ಮಂದಿ ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದ್ದರು. ಹಲವರು ಪ್ರಾಣ ಕಳೆದುಕೊಂಡರು. ರೋಗಿಗಳಲ್ಲಿ ಕಾಲರಾ ಬ್ಯಾಕ್ಟೀರಿಯಾ ಪತ್ತೆಯಾಗಿತ್ತು. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೂ ಕಾಲರಾ ಪ್ರಕರಣಗಳು ವರದಿಯಾಗಿದ್ದವು.

ಚಿಕಿತ್ಸೆ ಸಿಗದಿದ್ದರೆ ತೀವ್ರ ಕಾಲರಾ ಆರೋಗ್ಯವಂತ ವ್ಯಕ್ತಿಯನ್ನೂ ಕೆಲವೇ ಗಂಟೆಗಳಲ್ಲಿ ಬಲಿ ಪಡೆಯಬಲ್ಲದು. ಆದರೆ ಈ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುವುದಿಲ್ಲ, ಕರುಳನ್ನು ಹರಿಯುವುದೂ ಇಲ್ಲ. ಹಾಗಾದರೆ ಕರುಳಿನೊಳಗೆ ನಡೆಯುವುದೇನು?

ವಿಷ ಪತ್ತೆಯಾಗಿದ್ದು ಕೋಲ್ಕತ್ತಾದಲ್ಲಿ

ವಿಬ್ರಿಯೊ ಕಾಲರೆ ಬ್ಯಾಕ್ಟೀರಿಯಾ ಸಣ್ಣ ಕರುಳಿನ ಗೋಡೆಗೆ ಅಂಟಿಕೊಂಡು ವಿಷವನ್ನು ಸ್ರವಿಸುತ್ತದೆ. ಇದನ್ನು 1959ರಲ್ಲಿ ತೋರಿಸಿಕೊಟ್ಟವರು ಕೋಲ್ಕತ್ತಾದ ವಿಜ್ಞಾನಿ ಶಂಭುನಾಥ್ ಡೇ. ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ದ್ರವವನ್ನಷ್ಟೇ ಮೊಲದ ಕರುಳಿಗೆ ಹಾಕಿದಾಗಲೂ ಅದರಲ್ಲಿ ನೀರು ತುಂಬಿಕೊಂಡಿತು.

ಕೋಶದೊಳಗೆ ಆಗುವುದೇನು?

ಕಾಲರಾ ವಿಷದಲ್ಲಿ ಒಂದು 'ಎ' ಭಾಗ ಮತ್ತು ಐದು 'ಬಿ' ಭಾಗಗಳಿವೆ.

* 'ಬಿ' ಭಾಗಗಳು ಕರುಳಿನ ಕೋಶದ ಹೊರಮೈಯಲ್ಲಿರುವ ಜಿಎಂ1 ಎಂಬ ಕೊಬ್ಬಿನ ಅಣುವನ್ನು ಹಿಡಿದುಕೊಳ್ಳುತ್ತವೆ. ಕೋಶ ವಿಷವನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ.
* ಒಳಗೆ ಬಿಡುಗಡೆಯಾಗುವ 'ಎ' ಭಾಗ, ಜಿ ಪ್ರೊಟೀನ್ ಎಂಬ ಸ್ವಿಚ್ ಆಫ್ ಆಗದಂತೆ ಮಾಡುತ್ತದೆ.
* ಇದರಿಂದ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ರಾಸಾಯನಿಕ ವಿಪರೀತ ಹೆಚ್ಚುತ್ತದೆ.
* ಆಗ ಕ್ಲೋರೈಡ್ ಹೊರಬಿಡುವ ಸಿಎಫ್‌ಟಿಆರ್ ಎಂಬ ದ್ವಾರ ತೆರೆದೇ ಇರುತ್ತದೆ. ಕ್ಲೋರೈಡ್ ಹಿಂದೆ ಸೋಡಿಯಂ, ಅದರ ಹಿಂದೆ ನೀರು ಕರುಳಿಗೆ ಹರಿಯುತ್ತದೆ.

ಪರಿಣಾಮವೇ ಅಕ್ಕಿ ತೊಳೆದ ನೀರಿನಂಥ ಭೇದಿ. ತೀವ್ರ ಪ್ರಕರಣಗಳಲ್ಲಿ ಗಂಟೆಗೆ ಒಂದು ಲೀಟರ್‌ವರೆಗೂ ನೀರು ನಷ್ಟವಾಗಬಹುದು.

ಎಲ್ಲ ಬ್ಯಾಕ್ಟೀರಿಯಾ ವಿಷಗಳೂ ಹೀಗಲ್ಲ. ಶಿಗಾ ವಿಷ ಕೋಶದ ಪ್ರೊಟೀನ್ ತಯಾರಿಕೆಯನ್ನೇ ನಿಲ್ಲಿಸಿ ಅದನ್ನು ಕೊಲ್ಲುತ್ತದೆ. ಹೀಗಾಗಿ ಅಲ್ಲಿ ಭೇದಿಯಲ್ಲಿ ರಕ್ತ ಕಾಣಿಸಬಹುದು.

ಮುಚ್ಚದೆ ಉಳಿದ ಬಾಗಿಲು

ಕಾಲರಾ ವಿಷಕ್ಕೆ ಸಿಕ್ಕ ಕೋಶ ಸಾಯುವುದಿಲ್ಲ. ಗ್ಲೂಕೋಸ್ ಮತ್ತು ಸೋಡಿಯಂ ಅನ್ನು ಜೊತೆಯಾಗಿ ಒಳಗೆ ಸೆಳೆಯುವ ಅದರ ಇನ್ನೊಂದು ದ್ವಾರ ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತದೆ. ಇವೆರಡೂ ಒಳಹೋದಾಗ ನೀರೂ ಜೊತೆಗೆ ಹೋಗುತ್ತದೆ. ಬರೀ ನೀರು ಕುಡಿಸಿದರೆ ಸಾಲದು, ಉಪ್ಪು ಮತ್ತು ಗ್ಲೂಕೋಸ್ ಎರಡೂ ಬೇಕು ಎನ್ನುವುದು ಇದೇ ಕಾರಣಕ್ಕೆ.

1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡ್ರಿಪ್ ದ್ರಾವಣ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಾಬಿಸ್ ಈ ದ್ರಾವಣವನ್ನೇ ಡ್ರಮ್‌ಗಳಲ್ಲಿ ತುಂಬಿಸಿ ಕುಡಿಸಿದರು. ಸುಮಾರು ಶೇ 30ರಷ್ಟಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು.

ಕರುಳಿನ ಒಳಪದರದ ಕೋಶಗಳು ಮೂರರಿಂದ ಐದು ದಿನಗಳಿಗೊಮ್ಮೆ ಹೊಸದಾಗುತ್ತವೆ. ವಿಷ ತಗುಲಿದ ಕೋಶಗಳು ಉದುರಿಹೋಗುವವರೆಗೆ ದೇಹದಲ್ಲಿ ನೀರಿನ ಅಂಶ ಉಳಿಸಿಕೊಂಡರೆ ರೋಗಿ ಬದುಕುಳಿಯುತ್ತಾನೆ. ಸಕಾಲಕ್ಕೆ ಚಿಕಿತ್ಸೆ ಸಿಕ್ಕರೆ ಸಾವಿನ ಪ್ರಮಾಣ ಶೇ 1ಕ್ಕಿಂತ ಕಡಿಮೆ.

ಹೈದರಾಬಾದ್‌ನ ಲಸಿಕೆಗಳು

ಬಾಯಿ ಮೂಲಕ ನೀಡುವ ಕಾಲರಾ ಲಸಿಕೆಯ ತಯಾರಿಕೆಯಲ್ಲಿ ಹೈದರಾಬಾದ್‌ಗೆ ದೊಡ್ಡ ಹೆಸರಿದೆ. ಇಲ್ಲಿನ ಶಾಂತಾ ಬಯೋಟೆಕ್ನಿಕ್ಸ್‌ನ 'ಶಾಂಕಾಲ್' ಲಸಿಕೆಗೆ 2009ರಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿತ್ತು. ಭಾರತ್ ಬಯೋಟೆಕ್ 2024ರ ಆಗಸ್ಟ್‌ನಲ್ಲಿ 'ಹಿಲ್‌ಕಾಲ್' ಬಿಡುಗಡೆ ಮಾಡಿತು. ಇದನ್ನು 14 ದಿನಗಳ ಅಂತರದಲ್ಲಿ ಎರಡು ಡೋಸ್ ನೀಡಲಾಗುತ್ತದೆ. ಸತ್ತ ಬ್ಯಾಕ್ಟೀರಿಯಾ ಬಳಸುವ ಈ ಲಸಿಕೆಗಳು ಕರುಳಿನಲ್ಲಿ ಪ್ರತಿಕಾಯಗಳನ್ನು ಬೆಳೆಸಿ, ಬ್ಯಾಕ್ಟೀರಿಯಾ ಅಲ್ಲಿ ನೆಲೆಯೂರದಂತೆ ತಡೆಯುತ್ತವೆ.

ಮನೆಯಲ್ಲಿ ಏನು ಮಾಡಬೇಕು?

* ಭೇದಿ ಶುರುವಾದ ತಕ್ಷಣ ಒಆರ್‌ಎಸ್ ಕೊಡಿ. ಪ್ಯಾಕೆಟ್ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕಲಸಿ.
* ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ.
* ಹಾಲು ಕುಡಿಯುವ ಮಗುವಿಗೆ ಎದೆಹಾಲು ನಿಲ್ಲಿಸಬೇಡಿ.
* ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಂಪರು ಕವಿದರೆ, ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯಲ್ಲೂ ಒಆರ್‌ಎಸ್ ಕುಡಿಸುತ್ತಿರಿ.