ಎರೆಹೊಲ ತಿದ್ದಿದ ಬಿಳಿಜೋಳ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯ ಹಿಂಗಾರಿ ಬಿಳಿಜೋಳ ಮೂಲತಃ ಈ ನೆಲದ್ದಲ್ಲ. ಅದರ ತವರು ಆಫ್ರಿಕಾ. ಪೂರ್ವ ಸುಡಾನಿನ ಜನ ಸುಮಾರು 5,000 ವರ್ಷಗಳ ಹಿಂದೆಯೇ ಕಾಡುಜೋಳವನ್ನು ಪಳಗಿಸತೊಡಗಿದ್ದರು. ಅಲ್ಲಿಂದ ಅದು ಭಾರತಕ್ಕೆ ಬಂತು. ಅದಕ್ಕೂ ಮುಂಚೆ, ಬೂದಿದಿಬ್ಬಗಳನ್ನು ಬಿಟ್ಟುಹೋದ ದಕ್ಷಿಣ ದಖ್ಖನಿನ ಮೊದಲ ಒಕ್ಕಲಿಗರು ಹುರುಳಿ, ಹೆಸರು, ಕೊರಲೆಯಂಥ ಕಾಳುಗಳನ್ನೇ ನೆಚ್ಚಿದ್ದರು. ಹೊರಗಿನಿಂದ ಬಂದ ಜೋಳ ಈ ಸೀಮೆಯ ನಿತ್ಯದ ರೊಟ್ಟಿಯಾಗಲು ಇಲ್ಲಿನ ಮಣ್ಣು ಮತ್ತು ಮಳೆಯ ನಡೆಯೇ ಕಾರಣ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನಲ್ಲಿ ಲಾವಾ ಉಕ್ಕಿ, ಪದರ ಪದರವಾಗಿ ಹರಡಿ ಕಪ್ಪುಗಲ್ಲಾಯಿತು. ಆ ಕಲ್ಲು ಸವೆದು ಆದದ್ದೇ ಎರೆಮಣ್ಣು. ದಕ್ಷಿಣಕ್ಕೆ, ತಾಳಿಕೋಟೆಯ ಕಡೆ, ಸುಣ್ಣಗಲ್ಲಿನ ನೆಲ ಕಾಣಿಸುತ್ತದೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಡೋಣಿ ದಂಡೆಯ ಎರೆಯ ಫಲವತ್ತತೆ ಇಡೀ ನಾಡಿನ ಬಾಯಲ್ಲಿದೆ. ಎರೆಯ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲಕ್ಕೆ ಬಿರಿಯುತ್ತದೆ. ಮೇಲಿನ ಮಣ್ಣು ಆ ಬಿರುಕಿಗೆ ಉದುರಿ ಒಳಗೆ ಸೇರುವುದರಿಂದ ಹೊಲ ತನ್ನನ್ನು ತಾನೇ ಬುಡಮೇಲು ಮಾಡಿಕೊಳ್ಳುತ್ತದೆ. ವರ್ಷದ ಮಳೆ ಸುಮಾರು 600 ಮಿಲಿಮೀಟರ್. ಸೆಪ್ಟೆಂಬರಿನದೇ ದೊಡ್ಡ ಪಾಲು. ಹಾಗಾಗಿ ಮಳೆಗಾಲ ಮುಗಿಯುತ್ತ ಬಂದಾಗ ಇಲ್ಲಿ ಬಿತ್ತನೆ. ಮುಂದೆ ಮಾಗಿಯ ಉದ್ದಕ್ಕೂ ಬೆಳೆ ಬದುಕುವುದು ಮಣ್ಣು ಹಿಡಿದಿಟ್ಟ ಹಸಿಯ ಮೇಲೆ.

ಜೀವಶಾಸ್ತ್ರದಲ್ಲಿ ಪರಿಸರ ವಿಜ್ಞಾನ ಮತ್ತು ವಿಕಾಸ ಎಂದು ಎರಡು ಪಾಠಗಳಿರುತ್ತವೆ. ಈ ಹೊಲದಲ್ಲಿ ಅವೆರಡೂ ಒಂದೇ. ಹಸಿ ದಿನದಿನಕ್ಕೆ ಕೆಳಗಿಳಿಯುವಾಗ ಬೇರು ಅದರ ಬೆನ್ನುಹತ್ತಿ ಇಳಿಯಬೇಕು. ಇಳಿಯದ ಗಿಡ ಕಾಳು ಕಟ್ಟದು, ಅದರ ಸಂತಾನ ಮುಂದಿನ ಬಿತ್ತನೆಗೆ ಉಳಿಯದು. ಹಗಲು ಕಿರಿದಾಗುವುದನ್ನು ಅರಿತು ಹೊಡೆ ಹಿರಿಯುವ ಗಿಡ, ನೀರು ತೀರುವ ಮುನ್ನ ಹಾಲುಗಾಳಿಗೆ ಬರುತ್ತದೆ. ಎಲೆ ಕಾಂಡಗಳ ಮೇಲಿನ ಮೇಣದ ಲೇಪ ಆವಿಯನ್ನು ತಡೆಯುತ್ತದೆ. ಸುಳಿನೊಣ ಎಳೆಯ ಗಿಡದ ಎಲೆಯಡಿ ತತ್ತಿಯಿಡುತ್ತದೆ. ಹೊರಬಂದ ಹುಳು ಸುಳಿಯನ್ನೇ ಕೊರೆದು ಒಣಗಿಸುತ್ತದೆ. ಹಿಂಗಾರಿಯ ಹಲವು ನಾಟಿ ತಳಿಗಳ ಹೊಳಪಿನ ಎಲೆ ಆ ನೊಣಕ್ಕೆ ಅಷ್ಟಾಗಿ ಹಿಡಿಸುವುದಿಲ್ಲ. ಎಳೆಯ ಜೋಳ, ಅದರಲ್ಲೂ ನೀರಿಲ್ಲದೆ ಬಾಡಿ ಗಿಡ್ಡಾದದ್ದು, ಮೇದ ದನದ ಹೊಟ್ಟೆಯಲ್ಲಿ ಸೈನೈಡ್ ಬಿಡುಗಡೆ ಮಾಡುತ್ತದೆ. ದನ ಹೊಡೆಯುವ ಹುಡುಗರಿಗೂ ಗೊತ್ತಿರುವ ಈ ವಿಷ ಗಿಡದ ಬಲು ಹಳೆಯ ರಕ್ಷಣೋಪಾಯ.

ನಿಸರ್ಗ ಅರ್ಧ ಮಾಡಿದ ಕೆಲಸವನ್ನು ಕಣ ಪೂರೈಸಿತು. ಕಾಡುಜೋಳದ ಕಾಳು ಮಾಗಿದೊಡನೆ ಉದುರುತ್ತದೆ. ಉದುರದೆ ತೆನೆಯಲ್ಲೇ ನಿಂತ ಕಾಳು ಮಾತ್ರ ಮನೆ ಸೇರುವುದರಿಂದ, ಕೊಯ್ದು ಬಿತ್ತಿದ ಜನ ಗೊತ್ತಿಲ್ಲದೆಯೇ ಉದುರದ ಜಾತಿಯನ್ನು ಬೆಳೆಸಿದರು. ಗೊತ್ತಿದ್ದೂ ನಡೆದ ಆಯ್ಕೆ ಬೇರೆ. ಒಕ್ಕುವ ಮುಂಚೆ ರಾಶಿಯಿಂದ ಗಟ್ಟಿಯಾದ, ಮುತ್ತಿನಂಥ ಕಾಳು ತುಂಬಿದ ತೆನೆಗಳನ್ನು ಬೇರೆ ತೆಗೆದು, ಬೀಜಕ್ಕೆಂದು ಬೂದಿ ಬೆರೆಸಿ ಇಡುವ ರೂಢಿಯಿತ್ತು. ಉಣ್ಣುವ ಜೋಳ ನೆಲದೊಳಗಿನ ಹಗೇವಿಗೆ ಇಳಿಯುತ್ತಿತ್ತು. ಅಲ್ಲಿ ಗಾಳಿ ಕೆಟ್ಟು ಹುಳು ಸಾಯುತ್ತದೆ. ಆತುರಪಟ್ಟು ಇಳಿದವರ ಜೀವಕ್ಕೂ ಅಪಾಯ. ಜೋಳ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆಯಾದ್ದರಿಂದ ಆರಿಸಿದ ಗುಣ ನಿಲ್ಲುತ್ತದೆ. ಅಷ್ಟಿಷ್ಟು ಪರಪರಾಗವೂ ಸೇರುವುದರಿಂದ ಹೊಸ ಗುಣ ಇಣುಕುತ್ತಲೇ ಇರುತ್ತದೆ. ಆಯ್ಕೆಗೆ ಇದಕ್ಕಿಂತ ಒಳ್ಳೆಯ ಅನುಕೂಲ ಬೇಕಿಲ್ಲ. ರೊಟ್ಟಿಗೆ ಒಂದು ಜೋಳ, ಹಸಿ ತೆನೆ ಸುಟ್ಟು ತಿಕ್ಕಿ ತಿನ್ನುವ ಸೀತನಿಗೆ ಇನ್ನೊಂದು, ನಾಗರಪಂಚಮಿಯ ಅಳ್ಳಿಗೆ ಮತ್ತೊಂದು: ಇವು ಅಡಿಗೆಮನೆ ಹೊಲಕ್ಕೆ ಕೊಟ್ಟ ತಳಿಗಳು. ಡಾರ್ವಿನ್ 1859ರ ತನ್ನ ಗ್ರಂಥವನ್ನು ಆರಂಭಿಸಿದ್ದು ಸಾಕಿದ ಪ್ರಾಣಿ, ಬೆಳೆಸಿದ ಸಸ್ಯಗಳ ವೈವಿಧ್ಯದಿಂದಲೇ. ಆ ಅಧ್ಯಾಯಕ್ಕೆ ಬೇಕಾದ ಪುರಾವೆ ಡೋಣಿ ಸಾಲಿನ ಕಣಗಳಲ್ಲಿ ಧಾರಾಳವಾಗಿತ್ತು.

ಬಿತ್ತಿ, ಆರಿಸಿ, ಮತ್ತೆ ಬಿತ್ತುವ ಈ ಸರಪಳಿಯನ್ನು ಬರ ಮತ್ತೆ ಮತ್ತೆ ಕಡಿಯಿತು. 1791ರ ಬರವನ್ನು ಜನ ‘ಡೋಗಿ ಬರ’, ಅಂದರೆ ತಲೆಬುರುಡೆಯ ಬರ, ಎಂದು ನೆನೆದರು. ಸತ್ತವರ ತಲೆಬುರುಡೆಗಳು ನೆಲದ ಮೇಲೆ ಬಿದ್ದಿದ್ದವು. 1876–78ರ ಬರ ಇನ್ನೂ ಘೋರ. ಆಗ ಕಲಾದಗಿ ಎಂದಿದ್ದ ಜಿಲ್ಲೆಯ ಜನಸಂಖ್ಯೆ 1872ರಲ್ಲಿ 8 ಲಕ್ಷ ಮೀರಿದ್ದುದು 1881ಕ್ಕೆ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿಯಿತು. ಅಂಥ ಹಸಿವಿನಲ್ಲಿ ಬೀಜದ ತೆನೆಗೂ ಉಳಿಗಾಲವಿಲ್ಲ. ಒಂದು ಮನೆತನ ಊರು ಬಿಟ್ಟಾಗ ಅದು ಕಾಪಾಡಿಕೊಂಡು ಬಂದ ತಳಿಯೂ ಅಳಿಯಬಹುದು. ಬರದ ಲೆಕ್ಕದಲ್ಲಿ ಆ ನಷ್ಟ ಎಲ್ಲೂ ದಾಖಲಾಗುವುದಿಲ್ಲ.

1930ರ ದಶಕದಲ್ಲಿ ವಿಜ್ಞಾನ ಹೊಲಕ್ಕಿಳಿಯಿತು. ಸೊಲ್ಲಾಪುರ, ವಿಜಯಪುರ, ಹಗರಿ, ರಾಯಚೂರು, ರೋಹ್ಟಕ್‌ಗಳಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರಗಳು ತೆರೆದವು. ಅದೇ ದಶಕದಲ್ಲಿ ಇಂಡಿಯ ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ, ರೈತರ ಮಾಲದಂಡಿ ಜೋಳದಿಂದ ಶುದ್ಧ ಸಾಲೊಂದನ್ನು ಆರಿಸಿ ಎಂ 35-1 ತಳಿ ಮಾಡಿದರು. 1942ರ ಮುಂಬೈ ಭೂಸುಧಾರಣಾ ಯೋಜನೆಗಳ ಕಾಯ್ದೆಯ ಬಲದಿಂದ ಹೊಲಗಳಿಗೆ ಒಡ್ಡು ಬಿದ್ದವು. ಕೊಚ್ಚಿಹೋಗುತ್ತಿದ್ದ ಮಣ್ಣು, ನೀರು ಅಲ್ಲಲ್ಲೇ ನಿಂತವು. 1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂತು. ಮುಂಗಾರಿ ಹೊಲಗಳನ್ನು ಹೈಬ್ರಿಡ್‌ಗಳು ಗೆದ್ದವು, ಹಿಂಗಾರಿಯನ್ನು ಗೆಲ್ಲಲಿಲ್ಲ. ಉಳಿದ ಹಸಿಯ ಮೇಲೆ ಬದುಕುವ ಶಕ್ತಿ, ರೊಟ್ಟಿಯ ರುಚಿ, ದನಕ್ಕೆ ಹಿಡಿಸುವ ಕಣಿಕೆ, ಈ ಮೂರನ್ನೂ ಒಟ್ಟಿಗೆ ಕೊಡುವುದರಲ್ಲಿ ಮಾಲದಂಡಿಯ ವಂಶವೇ ಮುಂದಿತ್ತು.

1964ರಲ್ಲೇ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ದಶಕಗಳ ನಂತರ ಕಾಲುವೆಗಳು, ಏತ ನೀರಾವರಿಗಳು ಈ ತಾಲೂಕುಗಳನ್ನು ತಲುಪಿದವು. ಕಬ್ಬು ಬಂತು, ಇಂಡಿಯ ನಿಂಬೆತೋಟಗಳು ಹೆಸರು ಮಾಡಿದವು, ಒಣ ಹೊಲಗಳಲ್ಲೂ ತೊಗರಿ ಜೋಳದ ಜಾಗ ಹಿಡಿಯಿತು. ಎರೆಗೆ ಹೆಚ್ಚು ನೀರು ಹಾಯಿಸಿದಲ್ಲಿ ಜವುಳು, ಸವುಳು ತಲೆಯೆತ್ತುತ್ತವೆ. ಹೊಲದ ಅಂಚಿಗೆ ದನ ತಡೆಯಲು ಮುಳ್ಳಿನ ಕುಸುಬಿ, ನಡುವೆ ಅಕ್ಕಡಿಯಾಗಿ ಕಡಲೆ ಅಥವಾ ಅಗಸಿ ಹಾಕುವ ಪದ್ಧತಿಯೂ ಕುಗ್ಗಿದೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯ ಬೀಜಭಂಡಾರ ಜೋಳದ ಸಾವಿರಾರು ತಳಿಗಳನ್ನು ತಣ್ಣನೆಯ ಕೋಣೆಗಳಲ್ಲಿ ಕಾದಿಟ್ಟಿದೆ. ಅದು ದೊಡ್ಡ ಆಸ್ತಿ, ನಿಜ. ಆದರೆ ಅಲ್ಲಿನ ಬೀಜ ಇಟ್ಟಂತೆಯೇ ಇರುತ್ತದೆ; ಬದಲಾಗುವ ಮಳೆಗೆ, ಹೊಸ ಕೀಟಕ್ಕೆ ಒಗ್ಗುತ್ತ ಹೋಗುವುದು ವರ್ಷವರ್ಷವೂ ಬಿತ್ತಿ, ಆರಿಸಿ, ಮತ್ತೆ ಬಿತ್ತಿದ ಬೀಜ ಮಾತ್ರ.