ಕೆಂಗಲ್ ಹನುಮಂತಯ್ಯನವರೂ ಕರ್ಣಾಟಕದ ಏಕೀಕರಣವೂ

ಕರ್ಣಾಟಕದ ಏಕೀಕರಣದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಧಾರವಾಡ, ಬೆಳಗಾವಿ, ಬಳ್ಳಾರಿಗಳ ಕಡೆಯಿಂದ ಅದನ್ನು ನೋಡಿದ್ದಾರೆ. ಇದು ಸಹಜವೇ ಸರಿ. ಹಂಚಿಹೋಗಿದ್ದವರಿಗಲ್ಲವೆ ಕೂಡುವ ಹಂಬಲ! ಆದರೆ ಬರಮಾಡಿಕೊಳ್ಳತಕ್ಕ ಮನೆಯವರ ಸಮ್ಮತಿಯಿಲ್ಲದೆ ಆ ಕೂಟವು ನಡೆಯುವಂತಿರಲಿಲ್ಲ. ಆ ಮನೆಯು ಮೈಸೂರು. 1952ರಿಂದ 1956ರವರೆಗೆ ಅದರ ಯಜಮಾನಿಕೆಯು ಕೆಂಗಲ್ ಹನುಮಂತಯ್ಯನವರದಾಗಿತ್ತು. ತಮ್ಮ ಬಲವೆಲ್ಲವೂ ಯಾವ ಸೀಮೆಯಲ್ಲಿ ನೆಲೆಗೊಂಡಿತ್ತೋ ಆ ಸೀಮೆಯ ಪ್ರಾಬಲ್ಯವನ್ನೇ ಕುಗ್ಗಿಸತಕ್ಕ ಏರ್ಪಾಟಿಗೆ ಅವರು ಏಕೆ ಒಪ್ಪಿದರು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಹನುಮಂತಯ್ಯನವರು 1908ನೆಯ ಇಸವಿ ಫೆಬ್ರವರಿ 14ರಂದು ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ಒಕ್ಕಲಿಗ ಮನೆತನದಲ್ಲಿ ಜನಿಸಿದರು. ಮೈಸೂರಿನ ಮಹಾರಾಜರ ಕಾಲೇಜಿನಲ್ಲಿ ಪದವಿಯನ್ನೂ ಪುಣೆಯಲ್ಲಿ ನ್ಯಾಯಶಾಸ್ತ್ರದ ಶಿಕ್ಷಣವನ್ನೂ ಪಡೆದು ಬೆಂಗಳೂರಿನಲ್ಲಿ ವಕೀಲರಾದರು. ಕಾಂಗ್ರೆಸ್ಸನ್ನು ಸೇರಿ ಸೆರೆವಾಸವನ್ನನುಭವಿಸಿದುದು, ಪ್ರಜಾಪ್ರತಿನಿಧಿಸಭೆಯಲ್ಲಿ ಹೆಸರು ಪಡೆದುದು, ಭಾರತದ ಸಂವಿಧಾನರಚನಾಸಭೆಗೆ ಹೋದುದು, ಇವು ಆ ತಲೆಮಾರಿನ ಇತರ ನಾಯಕರ ಚರಿತ್ರೆಯಲ್ಲಿಯೂ ಕಾಣುವ ಸಂಗತಿಗಳಾದುದರಿಂದ ವಿಸ್ತರಿಸಬೇಕಾದುದಿಲ್ಲ. 1952ರ ಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ 74ನ್ನು ಕಾಂಗ್ರೆಸ್ ಗೆದ್ದುಕೊಂಡಿತು. ಕೆ. ಚೆಂಗಲರಾಯ ರೆಡ್ಡಿಯವರ ತರುವಾಯ ಮಾರ್ಚ್ 30ರಂದು ಹನುಮಂತಯ್ಯನವರು ಮುಖ್ಯಮಂತ್ರಿಗಳಾದರು.

1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯವು ಹುಟ್ಟಿ, ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಅಂದೇ ಮೈಸೂರಿಗೆ ಸೇರಿದುವು. ಅದೇ ವರ್ಷದ ಕೊನೆಯಲ್ಲಿ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯಗಳ ಪುನರ್ವಿಂಗಡಣಾ ಆಯೋಗವು ನೇಮಕವಾಯಿತು. ಈ ಹಂತದಲ್ಲಿ ಮೈಸೂರಿನವರ ಮನಸ್ಸು ಒಂದಾಗಿರಲಿಲ್ಲ. ಹನುಮಂತಯ್ಯನವರೂ ಮೊದಲಿಗೆ ಏಕೀಕರಣದ ಉತ್ಸಾಹಿಗಳಾಗಿರಲಿಲ್ಲವೆಂಬುದನ್ನು ಮರೆಮಾಚಬೇಕಾದುದಿಲ್ಲ. ಸೇರತಕ್ಕ ಪ್ರದೇಶಗಳ ಸ್ಥಿತಿಗತಿಗಳನ್ನು ಅಳೆಯಲು ಮೈಸೂರು ಸರ್ಕಾರವು ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ಸತ್ಯಶೋಧನ ಸಮಿತಿಯನ್ನು ನೇಮಿಸಿತು. ಮದುವೆಗೆ ಮುನ್ನ ಬೀಗರ ಹೊಲಗದ್ದೆಗಳ ಲೆಕ್ಕ ಕೇಳಿದಂತಾಯಿತೆಂದು ಉತ್ತರದ ಕನ್ನಡಿಗರಿಗೆ ತೋರಿದ್ದರೆ ಆಶ್ಚರ್ಯವಿಲ್ಲ.

ಮೈಸೂರಿನವರ ಅಂಜಿಕೆಗಳು ಎರಡು ಬಗೆಯವು. ಶಿವನಸಮುದ್ರ, ಜೋಗಗಳ ವಿದ್ಯುತ್ತಿನಿಂದಲೂ ಕಾವೇರಿಯ ನೀರಾವರಿಯಿಂದಲೂ ಪುಷ್ಟವಾಗಿದ್ದ ಸಂಸ್ಥಾನದ ಬೊಕ್ಕಸವು ಹಿಂದುಳಿದ ಜಿಲ್ಲೆಗಳ ಕೊರತೆಯನ್ನು ತುಂಬುವುದಕ್ಕೇ ಕರಗಿಹೋದೀತು ಎಂಬುದು ಬಹಿರಂಗವಾಗಿ ಆಡುತ್ತಿದ್ದ ಮಾತು. ಜಾತಿಯ ಲೆಕ್ಕವು ಇನ್ನೊಂದು. 1955ರ ಸೆಪ್ಟೆಂಬರ್ 30ರಂದು ಸಲ್ಲಿಸಿದ ವರದಿಯಲ್ಲಿ ಆಯೋಗವು ಈ ಎರಡನೆಯದನ್ನೂ ಮುಚ್ಚಿಡದೆ ಎತ್ತಿಕೊಂಡಿತು. ಮೈಸೂರಿನಲ್ಲಿ ನೂರಕ್ಕೆ 29ಕ್ಕಿಂತ ತುಸು ಕಡಮೆಯಾಗಿದ್ದ ಒಕ್ಕಲಿಗರು ಏಕೀಕೃತ ಕರ್ಣಾಟಕದಲ್ಲಿ 13-14ರಷ್ಟಾಗುವರು. ಲಿಂಗಾಯತರು 20ಕ್ಕಿಂತ ತುಸು ಹೆಚ್ಚು, ಹರಿಜನರು 17-18 ಆಗುವರು. ಯಾವ ಒಂದು ಜಾತಿಯೂ ಮಿಕ್ಕವರನ್ನು ಆಳುವಷ್ಟು ದೊಡ್ಡದಲ್ಲವೆಂದು ತೋರಿಸುವುದೇ ಆಯೋಗದ ಉದ್ದೇಶವಾಗಿದ್ದಿತು. ಆದರೆ ಮೈಸೂರಿನ ಒಕ್ಕಲಿಗ ಮುಖಂಡರು ಅದೇ ಅಂಕಿಗಳಲ್ಲಿ ಓದಿದುದು 29 ಹೋಗಿ 14 ಆಯಿತೆಂಬುದನ್ನು ಮಾತ್ರ. ಕನ್ನಡಿಗರಿಗೆ ಎರಡು ರಾಜ್ಯಗಳಿದ್ದರೇನು ಎಂಬ ವಾದಕ್ಕೆ ಇಲ್ಲಿಯೇ ಬೇರು.

ವರದಿಯು ಬಂದ ಮೇಲೆ ಹನುಮಂತಯ್ಯನವರ ನಿಲುವು ಸ್ಪಷ್ಟವಾಯಿತು. ತಮ್ಮ ಪಕ್ಷದವರೂ ತಮ್ಮ ಜಾತಿಯವರೂ ಆದ ಅನೇಕರ ವಿರೋಧವನ್ನು ಲೆಕ್ಕಿಸದೆ ಅವರು ವಿಧಾನಸಭೆಯಲ್ಲಿ ಏಕೀಕರಣವನ್ನು ಸಮರ್ಥಿಸಿದರು. ಕಾಂಗ್ರೆಸ್ ವರಿಷ್ಠರ ಒಲವನ್ನು ಅರಿತು ಗಾಳಿ ಬಂದತ್ತ ತಿರುಗಿದರೆಂದು ಹೇಳುವವರುಂಟು. ಇದರಲ್ಲಿ ತುಸು ನಿಜವಿರಬಹುದು. ಆದರೆ ಪೂರ್ತಿ ನಿಜವೆನ್ನಲಾಗದು. ಗಾಳಿಯನ್ನು ನೋಡಿ ನಡೆಯುವವನು ಮೊದಲು ತನ್ನ ಕುರ್ಚಿಯನ್ನು ನೋಡಿಕೊಳ್ಳುತ್ತಾನೆ. ಇವರ ಕುರ್ಚಿಗೆ ಆಧಾರವಾಗಿದ್ದವರಲ್ಲಿಯೇ ಹಲವರು ವಿರೋಧಿಗಳಾಗಿದ್ದರು. ಇನ್ನೊಂದು ಸಂಗತಿಯನ್ನೂ ಗಮನಿಸತಕ್ಕುದು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಆಯೋಗವು ಸೂಚಿಸಿತ್ತು. ಹಂಪೆಯೂ ತುಂಗಭದ್ರೆಯ ಅಣೆಕಟ್ಟೂ ಆ ಪ್ರದೇಶದಲ್ಲಿವೆ. ಕನ್ನಡಿಗರ ಪ್ರತಿಭಟನೆಯಿಂದ ಆ ಸೂಚನೆಯು ಬಿದ್ದುಹೋಗಿ ಅವು ಮೈಸೂರಿನಲ್ಲಿಯೇ ಉಳಿದುವು.

ಇದೇ ವೇಳೆಗೆ ಬೆಂಗಳೂರಿನಲ್ಲಿ ವಿಧಾನಸೌಧವು ಮೇಲೇಳುತ್ತಿತ್ತು. 1951ರ ಜುಲೈ 13ರಂದು ನೆಹರೂರವರು ಅಡಿಗಲ್ಲನ್ನಿಟ್ಟುದು ರೆಡ್ಡಿಯವರ ಕಾಲದಲ್ಲಿ. ಆದರೆ ಆ ಸರಳವಾದ ನಕ್ಷೆಯನ್ನು ಬದಿಗಿರಿಸಿ, ದೇಶೀಯ ವಾಸ್ತುವಿನ ಕಂಬ, ಗೋಪುರಗಳ ಭವ್ಯರೂಪವನ್ನು ಕಲ್ಪಿಸಿದವರು ಹನುಮಂತಯ್ಯನವರು. ವೆಚ್ಚವು ಬೆಳೆದಂತೆ ಟೀಕೆಯೂ ಬೆಳೆಯಿತು. ಸುಮಾರು 90 ಲಕ್ಷ ಪ್ರಜೆಗಳ ಸಂಸ್ಥಾನಕ್ಕೆ ಅಷ್ಟು ದೊಡ್ಡ ಸೌಧವೇಕೆಂದು ಕೇಳಿದವರ ಮಾತು ಅಂದಿಗೆ ಅಸಂಗತವಲ್ಲ. 1951ರ ಜನಗಣತಿಯಂತೆ ಹೊಸ ರಾಜ್ಯದ ಜನಸಂಖ್ಯೆಯು 1 ಕೋಟಿ 94 ಲಕ್ಷವಾಯಿತು. ಅದರ ಶಾಸನಸಭೆಗೆ ಆ ಕಟ್ಟಡವೇ ಮನೆಯಾಯಿತು.

1956ರ ಆಗಸ್ಟಿನಲ್ಲಿ, ಏಕೀಕರಣಕ್ಕೆ ಎರಡೂವರೆ ತಿಂಗಳು ಮಾತ್ರ ಉಳಿದಿರುವಾಗ, ಹನುಮಂತಯ್ಯನವರು ತಮ್ಮ ಶಾಸಕಪಕ್ಷದ ವಿಶ್ವಾಸವನ್ನು ಕಳೆದುಕೊಂಡು ರಾಜೀನಾಮೆಯಿತ್ತರು. ಏಕೀಕರಣಕ್ಕಾಗಿಯೇ ಅವರು ಪದವಿಯನ್ನು ತೆತ್ತರೆಂದು ಹೇಳುವುದು ರೂಢಿಯಾಗಿದೆ. ಅದು ಕೇಳಲು ಚೆನ್ನಾಗಿದ್ದರೂ ಕಾರಣವನ್ನು ಅತಿಯಾಗಿ ಸರಳಮಾಡುತ್ತದೆ. ಸೌಧದ ವೆಚ್ಚದ ಗದ್ದಲವೂ, ಸಹೋದ್ಯೋಗಿಗಳನ್ನು ಕೇಳದೆ ಮುನ್ನುಗ್ಗುವ ಅವರ ಸ್ವಭಾವವೂ ಅದರಲ್ಲಿ ಸೇರಿದ್ದುವು. ಕಡಿದಾಳ್ ಮಂಜಪ್ಪನವರು ಅಕ್ಟೋಬರ್ ಕೊನೆಯವರೆಗೆ ಆಡಳಿತವನ್ನು ನಡೆಸಿದರು. ನವೆಂಬರ್ 1ರಂದು ಎಸ್. ನಿಜಲಿಂಗಪ್ಪನವರು ಹೊಸ ರಾಜ್ಯದ ಮುಖ್ಯಮಂತ್ರಿಗಳಾದರು.

ಬಳಿಕ ಹನುಮಂತಯ್ಯನವರು 1962ರಿಂದ 1977ರವರೆಗೆ ಲೋಕಸಭೆಯಲ್ಲಿದ್ದರು. 1967ರಲ್ಲಿ ಮೊರಾರ್ಜಿ ದೇಸಾಯಿಯವರ ಅನಂತರ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷತೆಯನ್ನು ವಹಿಸಿದರು. 1971-72ರಲ್ಲಿ ರೈಲ್ವೆ ಸಚಿವರಾಗಿದ್ದರು. 1980ರ ಡಿಸೆಂಬರ್ 1ರಂದು ನಿಧನರಾದರು. ಆದರೆ ಸಾಹಿತ್ಯಪ್ರಿಯರಿಗೆ ಅವರ ನೆನಪು ಬೇರೊಂದು ಕಾರಣದಿಂದ ಬರುತ್ತದೆ. ಕುಮಾರವ್ಯಾಸನ ಭಾರತವು ಬಡವರ ಕೈಗೂ ಎಟುಕಬೇಕೆಂದು ತಮ್ಮ ಅಧಿಕಾರದ ಕಾಲದಲ್ಲಿ ಸರ್ಕಾರದ ಮೂಲಕ ಅದರ ಸುಲಭಬೆಲೆಯ ಮುದ್ರಣಕ್ಕೆ ಏರ್ಪಡಿಸಿದವರು ಅವರು. ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿದ ಆ ಗ್ರಂಥವು 1958ರಲ್ಲಿ ಹೊರಬಿದ್ದು ಎರಡು ರೂಪಾಯಿಗೆ ಮಾರಾಟವಾಯಿತು. ಗದುಗಿನ ಕವಿಯ ಕಾವ್ಯವನ್ನು ಅಚ್ಚುಹಾಕಿಸಲು ಹಳೆಯ ಮೈಸೂರಿನ ಮುಖ್ಯಮಂತ್ರಿಗಳು ಮುಂದಾದಾಗ ಗದುಗು ಇನ್ನೂ ಮುಂಬಯಿ ರಾಜ್ಯದಲ್ಲಿತ್ತು; ಪುಸ್ತಕವು ಅಚ್ಚಾಗಿ ಬರುವ ವೇಳೆಗೆ ಅದು ಬೆಂಗಳೂರಿನ ಆಡಳಿತಕ್ಕೆ ಸೇರಿತ್ತು.